ಅಟ್ಟದ ಮೇಲಿನ ರೆಕಾರ್ಡುಗಳು: ತಟ್ಟೆಯಲ್ಲೇ ಕೇಳಬೇಕೆ, ಫೋನಿನಲ್ಲಿ ಕೇಳಿದರೆ ಸಾಕೆ?

ಪ್ರಶ್ನೆ: ಧಾರವಾಡದ ನಮ್ಮ ಮನೆಯ ಅಟ್ಟದಲ್ಲಿ ತಂದೆಯವರ ಕಾಲದ ಸುಮಾರು 70 ರೆಕಾರ್ಡುಗಳಿವೆ. ಉದ್ದ ಹೊತ್ತು ನುಡಿಯುವ ಹಿಂದೂಸ್ತಾನಿ ಗಾಯನದ ಎಲ್‌ಪಿಗಳು, ಕನ್ನಡ ಚಿತ್ರಗೀತೆಗಳ ಸಣ್ಣ ಇಪಿಗಳು, ಜೊತೆಗೆ ನಿಮಿಷಕ್ಕೆ 78 ಸುತ್ತು ತಿರುಗುವ, ‘78’ ಎಂದೇ ಕರೆಯುವ ಭಾರದ ತಟ್ಟೆಗಳು ಹತ್ತಿಪ್ಪತ್ತು. ಇವುಗಳಲ್ಲಿ ಎಷ್ಟೋ ಹಾಡು ಫೋನಿನಲ್ಲೇ ಸಿಗುತ್ತವೆ. ಆದರೂ ರೆಕಾರ್ಡಿನ ನಾದವೇ ಬೇರೆ ಅಂತ ಗೆಳೆಯರು ಹೇಳುತ್ತಾರೆ. ಅಮೆರಿಕದಲ್ಲಿರುವ ಅಣ್ಣ ರೆಕಾರ್ಡು ನುಡಿಸುವ ತನ್ನ ಹಳೆಯ ಟರ್ನ್‌ಟೇಬಲ್ ಕಳಿಸಿಕೊಡುತ್ತೇನೆ ಅನ್ನುತ್ತಾನೆ. ಈ ಹಾದಿ ಹಿಡಿಯುವುದು ಸಾರ್ಥಕವೇ? ಹಿಡಿದರೆ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೊದಲು ಒಂದು ಕೋರಿಕೆ. ಮನೆಯಲ್ಲಿ ಹಳೆಯ ರೆಕಾರ್ಡ್ ಪ್ಲೇಯರ್ ಇದ್ದರೆ, ಪರೀಕ್ಷೆಗೆಂದು ಕೂಡ ಅದರ ಮೇಲೆ ಯಾವ ತಟ್ಟೆಯನ್ನೂ ಇಡಬೇಡಿ. 60-70ರ ದಶಕದ ಪ್ಲೇಯರ್‌ಗಳಲ್ಲಿ ಹೆಚ್ಚಿನವು ಸಿರಾಮಿಕ್ ಕಾರ್ಟ್ರಿಜ್‌ನವು (ಮುಳ್ಳನ್ನು ಹಿಡಿದು ಅದರ ಅಲುಗಾಟವನ್ನು ವಿದ್ಯುತ್ತಾಗಿಸುವ ಭಾಗವೇ ಕಾರ್ಟ್ರಿಜ್). ಮುಳ್ಳಿನ ಮೇಲೆ 5-6 ಗ್ರಾಂ ಭಾರ, ಮುಳ್ಳಿನ ತುದಿಗೆ ನೀಲಮಣಿ. ನೀಲಮಣಿಯ ತುದಿ ಐವತ್ತು ಗಂಟೆ ಬಾಳಿದರೆ ಹೆಚ್ಚು. ಸವೆದ ಮುಳ್ಳು ಉಳಿಯಂತೆ ತೋಡನ್ನು (ತಟ್ಟೆಯ ಮೇಲೆ ದನಿ ಅಚ್ಚಾಗಿರುವ ಸಣ್ಣ ಗೆರೆಯನ್ನು) ಕೆತ್ತುತ್ತದೆ, ಕೆತ್ತಿಹೋದ ಸ್ವರ ಯಾವ ಸಾಬೂನಿಗೂ ಮರಳುವುದಿಲ್ಲ. ಸೂಟ್‌ಕೇಸಿನ ಆಕಾರದಲ್ಲಿ ಈಗ ಮಾರುವ ಅಗ್ಗದ ಹೊಸ ಪ್ಲೇಯರ್‌ಗಳಲ್ಲೂ ಬಹುಪಾಲು ಇದೇ ತರಹದ ಕಾರ್ಟ್ರಿಜ್ ಇರುತ್ತದೆ. ಅಂಥದ್ದನ್ನು ಕೊಳ್ಳಬೇಡಿ.

ಇನ್ನು ನಾದದ ಮಾತು. ದನಿಯನ್ನು ಇದ್ದಂತೆ ಹಿಡಿದಿಡುವ ವಿಷಯದಲ್ಲಿ ಡಿಜಿಟಲ್ ಮೇಲು, ಇದರಲ್ಲಿ ಅನುಮಾನಕ್ಕೆ ಜಾಗವಿಲ್ಲ. ಒಳ್ಳೆಯ ಎಲ್‌ಪಿಯಲ್ಲಿ ಅತಿ ಜೋರಿನ ದನಿಗೂ ಮೇಲ್ಮೈಯ ಸದ್ದಿಗೂ ನಡುವೆ 60ರಿಂದ 70 ಡೆಸಿಬಲ್ ಅಂತರ ಸಿಗುತ್ತದೆ. 1982ರಲ್ಲಿ ಬಂದ ಸಿಡಿಯಲ್ಲಿ ಅದು 96. ಡಿಜಿಟಲ್‌ನಲ್ಲಿ ಸ್ವರ ಮೆಟ್ಟಿಲು ಮೆಟ್ಟಿಲಾಗಿ ತುಂಡಾಗುತ್ತದೆ ಎಂಬ ಚಿತ್ರವನ್ನು ನೀವೂ ನೋಡಿರಬಹುದು. ಅದು ತಪ್ಪು ಚಿತ್ರ. ಸೆಕೆಂಡಿಗೆ 44,100 ಬಾರಿ ಅಳೆದರೆ ಸುಮಾರು 20,000 ಹರ್ಟ್ಸ್‌ವರೆಗಿನ ಅಲೆ ನುಣುಪಾಗಿಯೇ ಮರಳಿ ಮೂಡುತ್ತದೆ, ನಡುವೆ ಏನೂ ಸೋರಿಹೋಗುವುದಿಲ್ಲ. ನಡುವಯಸ್ಸಿನ ಕಿವಿ 14-15 ಸಾವಿರದಾಚೆ ಕೇಳುವುದೇ ಅಪರೂಪ.

ಹಾಗಾದರೆ ಒಂದೇ ಗಾಯನ ಎಲ್‌ಪಿಯಲ್ಲಿ ತುಂಬಿಕೊಂಡು, ಫೋನಿನಲ್ಲಿ ಸಪ್ಪೆಯಾಗಿ ಕೇಳುವುದೇಕೆ? ಎರಡೂ ಬೇರೆ ಬೇರೆ ಪ್ರತಿಗಳು. ಎಲ್‌ಪಿ ಅಚ್ಚಾದಾಗ ಟೇಪು ಹೊಸದಿತ್ತು. ಮೂವತ್ತು ನಲವತ್ತು ವರ್ಷ ಕಳೆದ ಮೇಲೆ ಡಿಜಿಟಲ್ ಮಾಡಿದಾಗ ಟೇಪು ಮುದಿಯಾಗಿರಬಹುದು, ಕೆಲವೊಮ್ಮೆ ಟೇಪೇ ಸಿಗದೆ ತಟ್ಟೆಯಿಂದ ಎತ್ತಿರಬಹುದು. ಆ ಮೇಲೆ ಸೊರಸೊರ ಸದ್ದು ಅಳಿಸಲು ತಂತ್ರಾಂಶ ಬಿಟ್ಟಿರುತ್ತಾರೆ. ತಂಬೂರಿಯ ಜವಾರಿಯಿಂದ (ತಂತಿ ಕುದುರೆಗೆ ತಾಗಿ ಝೇಂಕರಿಸುವುದರಿಂದ) ಏಳುವ ಸಣ್ಣ ಮಿನುಗು ತಂತ್ರಾಂಶದ ಲೆಕ್ಕದಲ್ಲಿ ಸದ್ದಿನಂತೆಯೇ ಕಾಣುವುದರಿಂದ ಸೊರಸೊರದ ಜೊತೆ ತಂಬೂರಿಯ ಉಸಿರೂ ಹೋಗುತ್ತದೆ. ಚಿತ್ರಗೀತೆಗಳ ಪಾಡು ಬೇರೆ: ಮೆತ್ತಗಿನ ಭಾಗ, ಜೋರಿನ ಭಾಗ ಎರಡನ್ನೂ ಒಂದೇ ಮಟ್ಟಕ್ಕೆ ಎಳೆದು ಇಡೀ ಹಾಡನ್ನು ಗಟ್ಟಿ ಮಾಡಿರುತ್ತಾರೆ. ಇವೆಲ್ಲ ಮಾಡಿದವರ ಕೈಯ ತಪ್ಪುಗಳು, ಡಿಜಿಟಲ್‌ನ ಸ್ವಭಾವವಲ್ಲ. ಆದ್ದರಿಂದ ನಿಮ್ಮ 70 ತಟ್ಟೆಗಳಿಗೆ ಒಂದೇ ತೀರ್ಪು ಕೊಡಲಾಗದು. ಒಂದೊಂದನ್ನೂ ಕೈಗೆತ್ತಿಕೊಂಡು ಇದರ ಒಳ್ಳೆಯ ಪ್ರತಿ ಎಲ್ಲಿದೆ ಎಂದು ಕೇಳಿಕೊಳ್ಳಬೇಕು. ಕೆಲವಕ್ಕೆ ಉತ್ತರ ಫೋನು, ಕೆಲವಕ್ಕೆ ನಿಮ್ಮ ಅಟ್ಟ.

ಹುಡುಕುವಾಗ ಹೆಸರಿನಲ್ಲಿ ಎಚ್ಚರವಿರಲಿ. ಗಂಗೂಬಾಯಿ ಹಾನಗಲ್ ಅವರ ಆರಂಭದ 78ಗಳ ಮೇಲೆ ‘ಗಾಂಧಾರಿ’ ಎಂಬ ಹೆಸರಿದೆ. ಈಗಿನ ಹೆಸರು ಕೊಟ್ಟು ಹುಡುಕಿದರೆ ಅವು ತಪ್ಪಿಹೋಗುತ್ತವೆ. ಆ ತಟ್ಟೆಗಳಲ್ಲಿ ಅವರ ದನಿ ತೆಳುವು, ಎತ್ತರದ್ದು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಡುಸಾದ ದನಿಯನ್ನಷ್ಟೇ ಬಲ್ಲವರು ಇದನ್ನು ಕೇಳಿ, ತಟ್ಟೆ ವೇಗವಾಗಿ ತಿರುಗುತ್ತಿದೆ ಎಂದುಕೊಂಡು ವೇಗ ಇಳಿಸಿಬಿಡುವುದುಂಟು. ಹಳೆಯ 78ಗಳ ಡಿಜಿಟಲ್ ಪ್ರತಿಗಳನ್ನು ಬೆಂಗಳೂರಿನ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಕೇಳುಗರಿಗೆ ಮುಕ್ತವಾಗಿ ಇಟ್ಟಿದೆ, ಅಲ್ಲೂ ಒಮ್ಮೆ ನೋಡಿ.

ಶ್ರುತಿ ತೂಗಾಡುವ ಕಾಯಿಲೆ

ನಮ್ಮ ಸಂಗೀತಕ್ಕೆ ರೆಕಾರ್ಡು ಕೊಡುವ ದೊಡ್ಡ ಕಾಟ ಪಟಪಟ ಸದ್ದಲ್ಲ. ಆ ಸದ್ದಿಗೆ ಕಿವಿ ಹತ್ತು ನಿಮಿಷದಲ್ಲಿ ಒಗ್ಗಿಕೊಳ್ಳುತ್ತದೆ. ಒಗ್ಗದಿರುವುದು ಶ್ರುತಿಯ ತೂಗಾಟ. ತಟ್ಟೆಯ ರಂಧ್ರ ನಟ್ಟನಡುವೆ ಇರದೆ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದಿದೆ ಎಂದುಕೊಳ್ಳಿ. ಕೊನೆಯ ಸುತ್ತುಗಳಲ್ಲಿ, ಕೇಂದ್ರದಿಂದ 60 ಮಿ.ಮೀ. ದೂರದಲ್ಲಿ, ಪ್ರತಿ ಸುತ್ತಿಗೂ ಶ್ರುತಿ ಶೇ. 0.83ರಷ್ಟು ಏರಿ ಅಷ್ಟೇ ಇಳಿಯುತ್ತದೆ. ಹಾರ್ಮೋನಿಯಂನ ಒಂದು ಮನೆಯಿಂದ (ಕೀಲಿಯಿಂದ) ಪಕ್ಕದ ಮನೆಗಿರುವ ದೂರದಲ್ಲಿ ಇದು ಏಳನೇ ಒಂದು ಪಾಲು. ಅದೂ 1.8 ಸೆಕೆಂಡಿಗೊಮ್ಮೆ, ತಪ್ಪದೆ. ತಾಳವಾದ್ಯ ತುಂಬಿದ ಹಾಡಿನಲ್ಲಿ ಗೊತ್ತೇ ಆಗದ ಈ ತೂಗಾಟ ತಂಬೂರಿಯ ಮೇಲೆ ನಿಂತ ಷಡ್ಜದಲ್ಲಿ ಹೊಟ್ಟೆ ತೊಳಸುವಂತೆ ಕೇಳುತ್ತದೆ. ಪಿಯಾನೊ ಕೇಳುವವರು, ನಾದಸ್ವರ ಕೇಳುವವರು ಕೂಡ ಇದನ್ನು ಬೇಗ ಹಿಡಿಯುತ್ತಾರೆ.

ಕಂಡುಹಿಡಿಯುವುದು ಸುಲಭ. ತಟ್ಟೆ ತಿರುಗುವಾಗ ಮುಳ್ಳನ್ನು ಹೊತ್ತ ತೋಳನ್ನು ಮುಂದಿನಿಂದ ನೋಡಿ. ಅದು ಎಡಕ್ಕೆ ಬಲಕ್ಕೆ ಒಟ್ಟು 1 ಮಿ.ಮೀ. ಓಲಾಡಿದರೆ ರಂಧ್ರ ಅರ್ಧ ಮಿ.ಮೀ. ಆಚೆಗಿದೆ. ಮೇಲೆ ಕೆಳಗೆ ಏಳುಬೀಳು ಕಂಡರೆ ತಟ್ಟೆ ಬಾಗಿದೆ, ಅದು ಬೇರೆ ದೋಷ. ಎಷ್ಟೇ ದುಬಾರಿ ಟರ್ನ್‌ಟೇಬಲ್ ತಂದರೂ ರಂಧ್ರದ ದೋಷ ಹೋಗದು. ಕೆಲವರು ಅರೆದುಂಡು ಅರದಿಂದ ರಂಧ್ರವನ್ನು ಕೂದಲೆಳೆಯಷ್ಟು ದೊಡ್ಡದು ಮಾಡಿಕೊಂಡು, ತೋಳಿನ ಓಲಾಟ ನಿಲ್ಲುವವರೆಗೆ ತಟ್ಟೆಯನ್ನು ಬೆರಳಿನಿಂದ ಸರಿಸಿ ಕೇಳುತ್ತಾರೆ. ಮತ್ತೊಂದು ಪ್ರತಿ ಸುಲಭವಾಗಿ ಸಿಗುವ ಎಲ್‌ಪಿಗೆ ಹೀಗೆ ಮಾಡಬಹುದು. ಅಪರೂಪದ್ದಕ್ಕೆ ಕೈ ಹಾಕಬೇಡಿ. ಇಂಥ ತಟ್ಟೆಯಲ್ಲಿರುವ ಗಾಯನ ಡಿಜಿಟಲ್‌ನಲ್ಲಿ ಸಿಕ್ಕರೆ ಯೋಚಿಸದೆ ಅದನ್ನೇ ಕೇಳಿ.

ಇನ್ನೊಂದು ಕೊರತೆ ಪ್ರತಿ ಎಲ್‌ಪಿಯ ಹುಟ್ಟಿನಲ್ಲೇ ಇದೆ. ತಟ್ಟೆ ನಿಮಿಷಕ್ಕೆ 33⅓ ಸುತ್ತೇ ತಿರುಗಿದರೂ, ಹೊರಸುತ್ತಿನಲ್ಲಿ ಮುಳ್ಳಿನಡಿ ಸೆಕೆಂಡಿಗೆ ಸುಮಾರು 51 ಸೆಂ.ಮೀ. ತೋಡು ಹಾದುಹೋದರೆ ಒಳಸುತ್ತಿನಲ್ಲಿ 21 ಮಾತ್ರ. ಅಂದರೆ 10,000 ಹರ್ಟ್ಸ್‌ನ ಒಂದು ಅಲೆ ಹೊರಗೆ 51 ಮೈಕ್ರಾನ್ ಉದ್ದವಿದ್ದದ್ದು ಒಳಗೆ 21 ಮೈಕ್ರಾನಿಗೆ ಕುಗ್ಗುತ್ತದೆ. ಸಾದಾ ಗುಂಡುತುದಿ ಮುಳ್ಳಿನ ತ್ರಿಜ್ಯವೇ 18 ಮೈಕ್ರಾನ್, ಅಷ್ಟು ಇಕ್ಕಟ್ಟಿನ ತಿರುವಿಗೆ ಅದು ಇಳಿಯಲಾರದು. ಎಲ್‌ಪಿಯ ಪ್ರತಿ ಮುಖದ ಕೊನೆಯಲ್ಲಿ ಸ, ಶ ಅಕ್ಷರಗಳು ಉಗುಳಿದಂತೆ ಒಡೆಯುವುದು ಇದರಿಂದ. ದ್ರುತ್‌ ಬಂದೀಶಿನ (ವೇಗದ ರಚನೆಯ) ತಾನಗಳು ಮುಖದ ಕೊನೆಗೇ ಬರುತ್ತವೆ ಎನ್ನುವುದು ನಮ್ಮ ದುರದೃಷ್ಟ. ಅಂಡಾಕಾರದ ತುದಿಯ ಮುಳ್ಳಿಗೆ ಪಕ್ಕದ ಅಂಚು 8 ಮೈಕ್ರಾನಿನಷ್ಟು ಸಣ್ಣದು. ಅದು ತಿರುವಿಗೆ ಇಳಿಯುತ್ತದೆ, ವ್ಯತ್ಯಾಸ ಮೊದಲ ಸಲವೇ ಕಿವಿಗೆ ಬೀಳುತ್ತದೆ.

ಇಷ್ಟೆಲ್ಲ ದೂರು ಹೇಳಿದ ಮೇಲೂ ಎಲ್‌ಪಿಯಲ್ಲಿ ಕೇಳುವ ಸುಖ ನಿಜವೇ. ಒಂದು ಮುಖಕ್ಕೆ 20-22 ನಿಮಿಷ. ಅದಕ್ಕಿಂತ ಉದ್ದವಾದರೆ ತೋಡುಗಳು ಒತ್ತೊತ್ತಾಗಿ ದನಿಯ ಮಟ್ಟ ತಗ್ಗುತ್ತದೆ. ಹಾಗಾಗಿ ಆ ಕಾಲದ ಗಾಯಕರು ಇಡೀ ರಾಗವನ್ನು ಆ ಅಳತೆಗೆ ಕಟ್ಟಿದರು. ಮೂರೂಕಾಲು ನಿಮಿಷದ 78ರಲ್ಲಂತೂ ಆಲಾಪದ ಎರಡು ಹೆಜ್ಜೆ, ಬಂದೀಶು, ತಾನ ಎಲ್ಲವನ್ನೂ ಅಡಕಿದರು. ಆ ಅಡಕವೇ ಒಂದು ಕಲೆ, ಅದನ್ನು ಅದರ ಅಳತೆಯಲ್ಲೇ, ಮುಂದಿನ ಹಾಡು ತಾನಾಗಿ ಶುರುವಾಗದ ಮೌನದ ಜೊತೆ ಕೇಳಬೇಕು. ಫೋನಿನಲ್ಲಿ ಹತ್ತನೇ ಸೆಕೆಂಡಿಗೆ ಬೆರಳು ಮುಂದಕ್ಕೆ ಹೋಗುತ್ತದೆ. ತೋಳನ್ನು ಎತ್ತಿ ಸರಿಸಲು ಯಾರಿಗೂ ಮನಸ್ಸಾಗುವುದಿಲ್ಲ. ತಬಲಾ, ಸಾರಂಗಿ ಯಾರದು ಎಂದು ಲಕೋಟೆಯ ಹಿಂಬದಿ ಹೇಳುತ್ತದೆ. ಫೋನಿನಲ್ಲಿ ಆ ಹೆಸರುಗಳು ಹೆಚ್ಚಾಗಿ ಇರುವುದೇ ಇಲ್ಲ. ಅತ್ತ, ತಾಸುಗಟ್ಟಲೆ ಸಾಗುವ ಕಛೇರಿಯನ್ನು ನಡುವೆ ಎದ್ದು ತಟ್ಟೆ ಮಗುಚದೆ ಕೇಳಲು ಡಿಜಿಟಲ್ಲೇ ಸರಿ.

ಅಮೆರಿಕದ ಟರ್ನ್‌ಟೇಬಲ್

ಅಣ್ಣನವರು ಕಳಿಸುವ ಮೊದಲು ಯಂತ್ರದ ಹಿಂದಿನ ಚೀಟಿಯ ಫೋಟೊ ತರಿಸಿಕೊಳ್ಳಿ. ಅಲ್ಲಿ 120 ವೋಲ್ಟ್, 60 ಹರ್ಟ್ಸ್ ಎಂದಿದ್ದು ಒಳಗಿರುವುದು ಎಸಿ ಸಿಂಕ್ರೊನಸ್ ಮೋಟಾರಾದರೆ ತೊಂದರೆ. ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರ್ ಇಳಿಸುತ್ತದೆ, ಆವರ್ತನವನ್ನು ಅದು ಬದಲಿಸದು. ಆ ಮೋಟಾರು ತಿರುಗುವುದು ಆವರ್ತನದ ಲೆಕ್ಕದಲ್ಲಿ. ನಮ್ಮ 50 ಹರ್ಟ್ಸ್‌ನಲ್ಲಿ 33⅓ ಸುತ್ತು 27.8ಕ್ಕೆ ಇಳಿಯುತ್ತದೆ, ಹಾರ್ಮೋನಿಯಂನ ಐದನೇ ಬಿಳಿ ಮನೆಯ ಶ್ರುತಿಯಲ್ಲಿ ಹಾಡಿದವರು ಮೂರನೆಯದರಲ್ಲಿ ತೂಕಡಿಸುತ್ತಾ ಹಾಡಿದಂತೆ ಕೇಳುತ್ತದೆ. ಕೆಲವು ಮಾದರಿಗಳಿಗೆ 50 ಹರ್ಟ್ಸ್‌ಗೆ ಹೊಂದುವ ದೊಡ್ಡ ಮೋಟಾರು ರಾಟೆ ಬೇರೆಯಾಗಿ ಸಿಗುತ್ತದೆ, ಅದನ್ನು ಹಾಕಿದರೆ ಸರಿಹೋಗುತ್ತದೆ. ಒಳಗೆ ಡಿಸಿ ಮೋಟಾರಿದ್ದರೆ ಅಥವಾ ಕ್ವಾರ್ಟ್ಜ್ ನಿಯಂತ್ರಣದ ನೇರಚಾಲನೆ (ಪಟ್ಟಿಯಿಲ್ಲದೆ ಮೋಟಾರೇ ಚಕ್ರ ತಿರುಗಿಸುವುದು) ಇದ್ದರೆ ಆವರ್ತನದ ಚಿಂತೆಯಿಲ್ಲ, ವೋಲ್ಟೇಜು ಹೊಂದಿಸಿದರೆ ಸಾಕು.

ದೀಪದ ಮಿನುಗಿನಲ್ಲಿ ಗೆರೆಗಳು ನಿಂತಂತೆ ಕಂಡರೆ ವೇಗ ಸರಿ ಎಂದು ತೋರಿಸುವ ಗೆರೆಚಕ್ರಕ್ಕೂ ಇದೇ ತೊಡಕು. ಅಮೆರಿಕದ ಚಕ್ರದಲ್ಲಿ 33⅓ಕ್ಕೆ 216 ಗೆರೆ, ನಮಗೆ ಬೇಕಿರುವುದು 180. ಈಗಿನ ಎಷ್ಟೋ ಎಲ್‌ಇಡಿ ದೀಪಗಳು ಮಿನುಗುವುದೇ ಇಲ್ಲವಾದ್ದರಿಂದ ಅವುಗಳ ಕೆಳಗೆ ಗೆರೆ ನಿಂತಂತೆ ಕಾಣದು. ಫೋನಿನ ಜೈರೊಸ್ಕೋಪ್ ಬಳಸುವ ವೇಗಮಾಪಕ ಆ್ಯಪ್ ಇಳಿಸಿಕೊಂಡು, ಬರಿಯ ಮ್ಯಾಟಿನ ಮೇಲೆ ಫೋನನ್ನು ನಡುವಿಗೆ ಆದಷ್ಟು ಹತ್ತಿರ ಮಲಗಿಸಿ ನೋಡಿ. ಶೇ. 0.3ರ ಒಳಗಿನ ತಪ್ಪನ್ನು ಮರೆತುಬಿಡಬಹುದು.

ಹೊಸದು ಕೊಳ್ಳುವುದಾದರೆ ನಿಮ್ಮ ಸಂಗ್ರಹಕ್ಕೆ ಮೂರೂ ವೇಗ ಬೇಕು: 33⅓, 45, 78. ಆಡಿಯೊ-ಟೆಕ್ನಿಕಾದ ಎಲ್‌ಪಿ120ಎಕ್ಸ್ ಯುಎಸ್‌ಬಿ ಈ ಮೂರನ್ನೂ ಕೊಡುತ್ತದೆ, ನೇರಚಾಲನೆಯದು, ಫೋನೊ ಪ್ರಿಆಂಪ್ (ಕಾರ್ಟ್ರಿಜ್‌ನ ಕ್ಷೀಣ ದನಿಯನ್ನು ಹಿಗ್ಗಿಸುವ ಭಾಗ) ಒಳಗೇ ಇದೆ, ಬೇಡವಾದರೆ ಆರಿಸಿಡಬಹುದು. ಜೊತೆಗೆ ಬರುವ ವಿಎಂ95ಇ ಕಾರ್ಟ್ರಿಜ್‌ಗೆ ಅಂಡಾಕಾರದ ಮುಳ್ಳು. ದೇಹ ಅದೇ ಇಟ್ಟುಕೊಂಡು ಮುಳ್ಳನ್ನಷ್ಟೇ ಎಳೆದು ಬದಲಿಸಬಹುದಾದ್ದರಿಂದ 78ರ ಮುಳ್ಳನ್ನು ಬೇರೆ ಕೊಂಡರಾಯಿತು. ದುಡ್ಡು ಬಿಗಿಯಿದ್ದರೆ ಸ್ಪೀಕರಿನಲ್ಲಿ ಉಳಿಸಿ, ಮುಳ್ಳಿನಲ್ಲಿ ಉಳಿಸಬೇಡಿ.

ಜೋಡಣೆಗೆ ಒಂದು ಸಂಜೆ ಬೇಕು. ಗೋಡೆಗೆ ಬಿಗಿದ ಹಲಗೆ ಅಥವಾ ಭಾರದ ಮೇಜು ಒಳ್ಳೆಯದು. ಸ್ಪೀಕರುಗಳನ್ನು ಅದೇ ಮೇಜಿನ ಮೇಲೆ ಇಡಬೇಡಿ, ಇಟ್ಟರೆ ದನಿ ಏರಿಸಿದಂತೆ ಗುಂಯ್ ಎಂದು ಕೂಗಿಕೊಳ್ಳುತ್ತದೆ. ತಟ್ಟೆ ಕೂರುವ ಚಕ್ರದ ಮೇಲೆ ಗಾರೆಯವರ ರಸಮಟ್ಟ ಇಟ್ಟು ಎರಡೂ ದಿಕ್ಕಿನಲ್ಲಿ ಸಮ ಮಾಡಿ. ಆ್ಯಂಟಿ-ಸ್ಕೇಟ್ (ತೋಳು ಒಳಕ್ಕೆ ಜಾರದಂತೆ ತಡೆಯುವ ಗುಂಡಿ) ಸೊನ್ನೆಗಿಟ್ಟು, ತೋಳು ಗಾಳಿಯಲ್ಲಿ ತಾನಾಗಿ ಮಟ್ಟಸ ನಿಲ್ಲುವವರೆಗೆ ಹಿಂದಿನ ಭಾರ ತಿರುಗಿಸಿ, ಅಲ್ಲಿ ಅಂಕಿಯ ಬಳೆಯನ್ನು ಸೊನ್ನೆಗೆ ತನ್ನಿ, ಆಮೇಲೆ ಬಳೆ ಮತ್ತು ಭಾರ ಎರಡನ್ನೂ ಕೂಡಿಯೇ 2 ಗ್ರಾಂಗೆ ತಿರುಗಿಸಿ. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿಯಲ್ಲಿ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ವಿಎಂ95ಇಗೆ 1.8ರಿಂದ 2.2 ಗ್ರಾಂ ಸರಿ. ಭಾರ ಕಮ್ಮಿ ಮಾಡಿದರೆ ತಟ್ಟೆ ಉಳಿಯುತ್ತದೆ ಎಂಬುದು ದೊಡ್ಡ ತಪ್ಪು ತಿಳಿವಳಿಕೆ. ಭಾರ ಸಾಲದ ಮುಳ್ಳು ತೋಡಿನ ಗೋಡೆಗಳ ನಡುವೆ ಎಗರಾಡಿ ಗೋಡೆಗೇ ಬಡಿಯುತ್ತದೆ, 2 ಗ್ರಾಂನಲ್ಲಿ ನೆಲೆಯಾಗಿ ಓಡುವ ಮುಳ್ಳಿಗಿಂತ ಹೆಚ್ಚು ಹಾಳು ಮಾಡುತ್ತದೆ. ಆ್ಯಂಟಿ-ಸ್ಕೇಟನ್ನೂ 2ಕ್ಕೆ ಇಡಿ. ಕೊನೆಗೆ ಅಳತೆಯ ಕಾಗದ: ಕೇಂದ್ರದಿಂದ 66 ಮತ್ತು 120.9 ಮಿ.ಮೀ. ದೂರದ ಎರಡು ಚುಕ್ಕಿಗಳ ಮೇಲೂ ಕಾರ್ಟ್ರಿಜ್‌ನ ಅಂಚು ಕಾಗದದ ಗೆರೆಗೆ ಸಮಾನಾಂತರವಾಗಿ ನಿಲ್ಲಬೇಕು. ನಿಲ್ಲದಿದ್ದರೆ ಎರಡು ಸ್ಕ್ರೂ ಸಡಿಲಿಸಿ ಕಾರ್ಟ್ರಿಜ್ಜನ್ನು ಹಿಂದೆ ಮುಂದೆ ಸರಿಸಿ. ಮುಖದ ಕೊನೆಯ ಹಾಡು ಒಡೆಯುವ ತೊಂದರೆಯಲ್ಲಿ ಅರ್ಧ ಇಲ್ಲೇ ತೀರುತ್ತದೆ.

ದನಿ ತೀರಾ ಕ್ಷೀಣವಾಗಿ, ತಗಡಿನಂತೆ ಬಂದರೆ ಫೋನೊ ಪ್ರಿಆಂಪ್ ದಾರಿಯಲ್ಲಿ ಇಲ್ಲ ಎಂದರ್ಥ. ಕಾರ್ಟ್ರಿಜ್ ಕೊಡುವುದು 4 ಮಿಲಿವೋಲ್ಟ್ ಮಾತ್ರ, ಅದನ್ನು ನೂರು ಪಟ್ಟು ಹಿಗ್ಗಿಸಬೇಕು. ಅದರ ಜೊತೆಗೆ, ತಟ್ಟೆಯ ತೋಡು ಕೊರೆಯುವಾಗ ತಗ್ಗಿಸಿದ ಮಂದ್ರವನ್ನು ಏರಿಸಿ, ಏರಿಸಿದ ತಾರವನ್ನು ಇಳಿಸುವ ಆರ್‌ಐಎಎ ಎಂಬ ಲೆಕ್ಕವನ್ನೂ ಪ್ರಿಆಂಪೇ ಮಾಡುತ್ತದೆ. ದನಿ ಕೊಬ್ಬಿ, ಮಂದ್ರ ಗುಡುಗಿ, ಒಡೆದು ಬಂದರೆ ಪ್ರಿಆಂಪ್ ಎರಡು ಬಾರಿ ಆಗಿದೆ, ಟರ್ನ್‌ಟೇಬಲ್‌ನದ್ದನ್ನು ಆರಿಸಿ. ಹಿನ್ನೆಲೆಯಲ್ಲಿ ಒಂದೇ ಸಮನೆ ಹೂಂಕಾರವಿದ್ದರೆ ನೆಲತಂತಿ ಸಿಕ್ಕಿಸಿಲ್ಲ ಅಥವಾ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಇಲ್ಲ. ಹಳೆಯ ಮನೆಗಳಲ್ಲಿ ಎರಡನೆಯದೇ ಹೆಚ್ಚು. ಒಂದು ಪಕ್ಕದ ದನಿ ಬಂದು ಹೋಗುತ್ತಿದ್ದರೆ ಹೆಡ್‌ಶೆಲ್ಲಿನ (ಕಾರ್ಟ್ರಿಜ್ ಕೂರುವ ತೋಳತುದಿಯ) ನಾಲ್ಕು ಸಣ್ಣ ಸಂಪರ್ಕಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ. ಚೆನ್ನಾಗಿದ್ದ ದನಿ ನಡುವೆಯೇ ಮಸುಕಾದರೆ ಮುಳ್ಳಿಗೆ ಧೂಳಿನ ಉಂಡೆ ಕಟ್ಟಿದೆ. ಮೆತ್ತನೆಯ ಬ್ರಷ್ಷಿನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ತೆಗೆಯಿರಿ, ಬೆರಳು ಬೇಡ. ಅಂಡಾಕಾರದ ಮುಳ್ಳಿಗೆ ತಯಾರಕರು ಹೇಳುವ ಆಯಸ್ಸು 300 ಗಂಟೆ, ಗುಂಡುತುದಿಗೆ 500. ದಿನಕ್ಕೊಂದು ಎಲ್‌ಪಿ ಕೇಳಿದರೆ ವರ್ಷವೊಂದಕ್ಕೆ ಬದಲಿಸುವ ಹೊತ್ತು ಬಂದೇಬಿಡುತ್ತದೆ. ಈ ಖರ್ಚನ್ನು ಕೊಳ್ಳುವಾಗಲೇ ಲೆಕ್ಕಕ್ಕೆ ಹಿಡಿಯಿರಿ.

ತೊಳೆಯುವ ಮೊದಲು, ಯಾವುದು ಯಾವುದೆಂದು ಬೇರ್ಪಡಿಸಿ

ಇದನ್ನು ದಯವಿಟ್ಟು ಎರಡು ಸಲ ಓದಿ. 78ರ ತಟ್ಟೆಗಳು ಅರಗಿನವು, ಅಂದರೆ ಮರದ ಸಾಮಾನಿಗೆ ಮೆರುಗು ಕೊಡುವ ಅದೇ ಶೆಲ್ಯಾಕ್. ಪಾಲಿಶ್ ಮಾಡುವವರು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸುತ್ತಾರಲ್ಲ, ಹಾಗೆಯೇ ಸ್ಪಿರಿಟ್ ಬೆರೆತ ಯಾವ ದ್ರವ ಬಿದ್ದರೂ ನಿಮ್ಮ ತಟ್ಟೆ ಕರಗುತ್ತದೆ. ತೋಡು ಮಸುಕಾಗಿ ಬಿಳುಚಿಕೊಂಡರೆ ಮುಗಿಯಿತು. ಎಲ್‌ಪಿ ಬಾಗುತ್ತದೆ, ಅರಗಿನ ತಟ್ಟೆ ಬಾಗದೆ ಒಡೆಯುತ್ತದೆ. ಉಗುರಿನಿಂದ ತಟ್ಟಿದರೆ ಪಿಂಗಾಣಿಯ ಹಾಗೆ ಠಣ್ ಎನ್ನುತ್ತದೆ. ಭಾರತದಲ್ಲಿ 60ರ ದಶಕದಲ್ಲೂ 78ಗಳು ಅಚ್ಚಾಗುತ್ತಿದ್ದವು, ಬೀಟಲ್ಸ್ ಹಾಡುಗಳು ಕೂಡ ಇಲ್ಲಿ 78ರಲ್ಲಿ ಬಂದಿದ್ದವು. ಆದ್ದರಿಂದ ಹಾಡು ಹೊಸದು, ತಟ್ಟೆಯೂ ವಿನೈಲೇ ಇರಬೇಕು ಎಂದು ಊಹಿಸಬೇಡಿ. ಚೀಟಿಯ ಮೇಲಿನ ವೇಗ ಓದಿ.

ಅರಗಿನ ತಟ್ಟೆಗೆ ಒಂದು ಲೀಟರ್ ಡಿಸ್ಟಿಲ್ಡ್ ನೀರು, ಎರಡು ಮೂರು ಹನಿ ಬಣ್ಣ-ವಾಸನೆ ಇಲ್ಲದ ಪಾತ್ರೆ ಸೋಪು. ಇಷ್ಟೇ. ಬಟ್ಟೆ ಒದ್ದೆ ಮಾಡಿ ಹಿಂಡಿ, ತೋಡಿನ ಗುಂಟ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒತ್ತಿ. ನೆನೆಹಾಕಬಾರದು. ಬಿರುಕಿರುವ ತಟ್ಟೆಗೆ ನೀರು ತಾಗಿಸಲೇಬೇಡಿ, ನೀರು ಒಳಗಿಳಿದರೆ ಅಂಚು ಉಬ್ಬುತ್ತದೆ.

ಎಲ್‌ಪಿ, ಇಪಿಗಳಿಗೆ 750 ಮಿ.ಲೀ. ಡಿಸ್ಟಿಲ್ಡ್ ನೀರು, 250 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲ್, ಎರಡು ಮೂರು ಹನಿ ಸೋಪು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ನಡೆಯುತ್ತದೆ, ಬ್ಯಾಟರಿ ಆ್ಯಸಿಡ್ ಡಬ್ಬಿ ತಪ್ಪಿ ತರಬೇಡಿ. ಬೋರ್‌ವೆಲ್ ನೀರು ಬೇಡವೇ ಬೇಡ, ಒಣಗಿದ ಮೇಲೆ ಅದರ ಸುಣ್ಣ ತೋಡಿನಲ್ಲಿ ಉಳಿದು ಮೊದಲಿಗಿಂತ ಹೆಚ್ಚು ಪಟಪಟ ಎನ್ನುತ್ತದೆ. ನಡುವಿನ ಚೀಟಿಯ ಮೇಲೆ ಸುಮಾರು 10 ಸೆಂ.ಮೀ. ಅಗಲದ ಪ್ಲಾಸ್ಟಿಕ್ ಮುಚ್ಚಳ ಒತ್ತಿಹಿಡಿಯಿರಿ. ಮುಖವೊಂದಕ್ಕೆ 15-20 ಮಿ.ಲೀ. ದ್ರಾವಣ ಹರಡಿ, ಎರಡು ನಿಮಿಷ ಬಿಡಿ, ಸಣ್ಣ ಕೂದಲಿನ ಮೆತ್ತನೆ ಬ್ರಷ್ಷಿನಿಂದ ತೋಡಿನ ದಿಕ್ಕಿನಲ್ಲೇ ಹತ್ತು ಸುತ್ತು ತಿಕ್ಕಿ. ಅಡ್ಡಡ್ಡ ತಿಕ್ಕಬಾರದು. ಆಮೇಲೆ ಬರಿಯ ಡಿಸ್ಟಿಲ್ಡ್ ನೀರಿನಿಂದ ಎರಡು ಸಲ ತೊಳೆಯಿರಿ. ಈ ಹೆಜ್ಜೆ ಬಿಟ್ಟವರೇ ತೊಳೆದರೂ ಉಪಯೋಗವಿಲ್ಲ ಎಂದು ಗೊಣಗುವುದು: ಕರಗಿದ ಕೊಳೆ ಅಲ್ಲೇ ಒಣಗಿ ಮತ್ತೆ ಅಂಟಿಕೊಂಡಿರುತ್ತದೆ. ಪಾತ್ರೆ ಒಣಗಿಸುವ ಸ್ಟ್ಯಾಂಡಿನಲ್ಲಿ ನೆರಳಿನಲ್ಲಿ ರಾತ್ರಿಯಿಡೀ ನಿಲ್ಲಿಸಿ, ಫ್ಯಾನಿನ ಗಾಳಿ ಬೇಡ. ಬೆಳಿಗ್ಗೆ ಹಳೆಯ ಒಳಲಕೋಟೆಗೆ ಮರಳಿ ತುರುಕಬೇಡಿ. ಧಾರವಾಡದ ಮಳೆಗಾಲ ಕಂಡ ಕಾಗದದಲ್ಲಿ ಬೂಷ್ಟು ಇದ್ದೇ ಇರುತ್ತದೆ, ಹೊಸ ಒಳಲಕೋಟೆ ಹಾಕಿ. ಹೊರಲಕೋಟೆಯನ್ನು ಮಾತ್ರ ಎಸೆಯಬೇಡಿ.

ತೊಳೆದ ಮೇಲೂ ಸೊರಸೊರ ಹೋಗದೆ, ಜೋರಾದ ಜಾಗದಲ್ಲೆಲ್ಲ ದನಿ ಹರಿದಂತೆ ಬರುತ್ತಿದ್ದರೆ ಅದು ಕೊಳೆಯಲ್ಲ, ಹಿಂದಿನ ಮುಳ್ಳಿನ ಗಾಯ. ಬೆಳಕಿಗೆ ಓರೆಯಾಗಿ ಹಿಡಿದರೆ ಆ ಭಾಗ ಬೂದುಬಣ್ಣಕ್ಕೆ ತಿರುಗಿರುತ್ತದೆ. ಹಳೆಯ ಗುಂಡುಮುಳ್ಳು ಗೋಡೆಯ ಒಂದು ಎತ್ತರದಲ್ಲಿ ಸವೆಸಿದ್ದರೆ, ಶಿಬಾಟಾದಂಥ ಕಡಿದಾದ ಅಂಚಿನ ಮುಳ್ಳು ಬೇರೆ ಎತ್ತರದಲ್ಲಿ ತಾಗಿ ಕೆಲವೊಮ್ಮೆ ಅಚ್ಚರಿಯಾಗುವಷ್ಟು ಚೆನ್ನಾಗಿ ನುಡಿಸುತ್ತದೆ. ನಿಮ್ಮ ಹಳೆಯ ಚಿತ್ರಗೀತೆಯ ಇಪಿಗಳಲ್ಲಿ ಹೆಚ್ಚಿನವು ಮೊನೊ (ಎರಡೂ ಪಕ್ಕಕ್ಕೆ ಒಂದೇ ದನಿ) ಇರಬಹುದು. ಆಂಪ್ಲಿಫೈಯರ್‌ನಲ್ಲಿ ಮೊನೊ ಗುಂಡಿ ಇದ್ದರೆ ಒತ್ತಿ. ಮೊನೊ ತೋಡಿನಲ್ಲಿ ಸಂಗೀತವೆಲ್ಲ ಅಡ್ಡ ಓಲಾಟದಲ್ಲಿದೆ, ಮೇಲೆಕೆಳಗಿನ ಅಲುಗಾಟವೆಲ್ಲ ಕಸ. ಎರಡು ಪಕ್ಕಗಳನ್ನು ಕೂಡಿಸಿದೊಡನೆ ಆ ಕಸ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಕಾಸಿಲ್ಲದ ಚಿಕಿತ್ಸೆ ಇದು.

78ಗಳಿಗೆ ಬೇರೆ ಮುಳ್ಳು, ಬೇರೆ ಲೆಕ್ಕ

78ರ ತೋಡು ಅಗಲ. ಎಲ್‌ಪಿಯ ಮುಳ್ಳು ಅದರ ತಳದಲ್ಲಿ ಜಾರಾಡಿ ಕಸವನ್ನೇ ನುಡಿಸುತ್ತದೆ. ಸುಮಾರು 75 ಮೈಕ್ರಾನ್, ಅಂದರೆ 3 ಮಿಲ್ ತ್ರಿಜ್ಯದ ಮುಳ್ಳು ಬೇಕು. ವಿಎಂ95 ಸರಣಿಯಲ್ಲಿ ಅದು ಎಸ್‌ಪಿ ಎಂಬ ಹೆಸರಿನದು, ಭಾರ 5 ಗ್ರಾಂ. ಹಲವು ತೋಳುಗಳ ಅಂಕಿ 4ಕ್ಕೇ ಮುಗಿಯುವುದರಿಂದ ಇಲ್ಲಿ ತಕ್ಕಡಿಯೇ ಗತಿ. ಎಲ್‌ಪಿಗೆ ಮರಳುವಾಗ ಭಾರ ಇಳಿಸಲು ಮರೆಯಬೇಡಿ. ಕೊಂಬಿನ ಗ್ರಾಮೊಫೋನು ಮನೆಯಲ್ಲಿದ್ದರೆ ಅದು ನೋಡಲು ಚೆಂದ, ಅದರ ದನಿಪೆಟ್ಟಿಗೆ ತಟ್ಟೆಯ ಮೇಲೆ ನೂರು ಗ್ರಾಂಗೂ ಹೆಚ್ಚು ಭಾರ ಹೇರುತ್ತದೆ, ಉಕ್ಕಿನ ಮುಳ್ಳನ್ನು ಪ್ರತಿ ಮುಖಕ್ಕೂ ಬದಲಿಸಬೇಕು. ಎಲ್‌ಪಿಯನ್ನು ಅದರ ಹತ್ತಿರವೂ ಒಯ್ಯಬೇಡಿ.

ವೇಗ ಇನ್ನೊಂದು ಒಗಟು. 78 ಎಂದು ಕರೆದರೂ ಹಳೆಯವು 70ರಿಂದ 82ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಹಾರ್ಮೋನಿಯಂ ಸಾಥ್ ಇದ್ದರೆ ಒಂದು ಸುಳಿವು ಸಿಗುತ್ತದೆ. ಷಡ್ಜ ನಿಮ್ಮ ಮನೆಯ ಹಾರ್ಮೋನಿಯಂನ ಯಾವ ಮನೆಗೂ ಕೂರದೆ ಎರಡರ ನಡುವೆ ಸಿಕ್ಕಿಕೊಂಡಿದ್ದರೆ ವೇಗ ತಪ್ಪಿರುವ ಸಂಭವ ಹೆಚ್ಚು. 76ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ಆಗುವ ಏರಿಕೆ ಹೆಚ್ಚುಕಡಿಮೆ ಅಷ್ಟೇ. ಹಾರ್ಮೋನಿಯಂಗಳ ಶ್ರುತಿಯೇ ಬೇರೆ ಬೇರೆ ಇರುವುದರಿಂದ ಇದನ್ನೊಂದೇ ನೆಚ್ಚಬೇಡಿ, ಗಾಯಕರ ಮಾತಿನ ಸಹಜತೆ, ತಾನದ ಓಟ ಎಲ್ಲವನ್ನೂ ಕೂಡಿಸಿ ನೋಡಿ. ಆರ್‌ಐಎಎ ಲೆಕ್ಕ ಬಂದದ್ದು 1954ರಲ್ಲಿ. ಅದಕ್ಕೂ ಹಿಂದಿನ 78ಗಳನ್ನು ಇಂದಿನ ಪ್ರಿಆಂಪಿನಲ್ಲಿ ಕೇಳಿದರೆ ಕಂಬಳಿ ಹೊದ್ದಂತೆ ಇರುತ್ತವೆ, ಏಕೆಂದರೆ ಅದು 10,000 ಹರ್ಟ್ಸ್‌ನಲ್ಲಿ 13.7 ಡೆಸಿಬಲ್ ತಗ್ಗಿಸಿಬಿಡುತ್ತದೆ, ಕೊರೆಯುವಾಗ ಅಷ್ಟು ಏರಿಸಿರಲೇ ಇಲ್ಲ. ಟ್ರೆಬಲ್ ಗುಂಡಿ ತಿರುಗಿಸಿ ಕಿವಿಗೆ ಹಿತವಾದಲ್ಲಿ ನಿಲ್ಲಿಸಿ.

ಬೇರೆಲ್ಲೂ ಸಿಗದ ತಟ್ಟೆಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ, ತೊಳೆದ ವಾರದಲ್ಲೇ. ಟರ್ನ್‌ಟೇಬಲ್‌ನ ಯುಎಸ್‌ಬಿ ಕೆಲಸ ನಡೆಸುತ್ತದೆ. ಪುಟ್ಟ ಆಡಿಯೊ ಇಂಟರ್‌ಫೇಸ್ ಇದ್ದರೆ 24 ಬಿಟ್, 96 ಕಿಲೊಹರ್ಟ್ಸ್‌ನಲ್ಲಿ ಹಿಡಿಯಿರಿ. 25 ನಿಮಿಷದ ಒಂದು ಮುಖಕ್ಕೆ ಸುಮಾರು 860 ಎಂಬಿ ಜಾಗ ಬೇಕು, ದನಿ ಕೆಡದಂತೆ ಕಡತ ಕುಗ್ಗಿಸುವ ಫ್ಲ್ಯಾಕ್ ಮಾಡಿದರೆ ಹೆಚ್ಚುಕಡಿಮೆ ಅರ್ಧ. ಅತಿ ಜೋರಿನ ಜಾಗ ಮೀಟರಿನಲ್ಲಿ −6 ಡೆಸಿಬಲ್‌ಗಿಂತ ಮೇಲೇರದಂತೆ ಮಟ್ಟ ಇಡಿ. ದನಿ ತಿದ್ದುವ ಆಡಾಸಿಟಿ ತಂತ್ರಾಂಶದಲ್ಲಿ ದೊಡ್ಡ ಪಟಾಕಿ ಸದ್ದುಗಳನ್ನು ಒಂದೊಂದಾಗಿ ಕೈಯಿಂದ ತೆಗೆಯಿರಿ, ಇಡೀ ಕಡತದ ಮೇಲೆ ಸದ್ದು ಅಳಿಸುವ ಆಜ್ಞೆ ಬಿಡಬೇಡಿ. ಆಗ ನೀವೂ ಫೋನಿನ ಪ್ರತಿ ಮಾಡಿದವರ ತಪ್ಪನ್ನೇ ಮಾಡಿದಂತೆ. ಏನೂ ಮುಟ್ಟದ ಮೂಲ ಕಡತವನ್ನು ಬೇರೆ ಡಿಸ್ಕಿನಲ್ಲಿ ಇಟ್ಟಿರಿ, ಮುಂದೆ ಒಳ್ಳೆಯ ಉಪಕರಣ ಬಂದಾಗ ಮತ್ತೆ ಅಲ್ಲಿಂದಲೇ ಶುರು ಮಾಡಬಹುದು.

ಕಡತದ ಹೆಸರಿನಲ್ಲಿ ಚೀಟಿಯ ಮೇಲಿನ ಕ್ರಮಸಂಖ್ಯೆಯನ್ನೂ, ಕೊನೆಯ ಹಾಡು ಮುಗಿದು ಚೀಟಿ ಶುರುವಾಗುವ ಖಾಲಿ ಜಾಗದಲ್ಲಿ ಕೆತ್ತಿರುವ ಅಂಕಿಯನ್ನೂ ಸೇರಿಸಿ. ಆ ಕೆತ್ತನೆ ಟಾರ್ಚನ್ನು ಓರೆಯಾಗಿ ಹಿಡಿದರಷ್ಟೇ ಕಾಣುತ್ತದೆ. ಯಾವ ಅಚ್ಚಿನಿಂದ ಬಂದ ತಟ್ಟೆ ಎಂದು ಮುಂದೊಂದು ದಿನ ಹೋಲಿಸಿ ಹೇಳಬಲ್ಲದ್ದು ಅದೊಂದೇ. ಚೀಟಿಯ, ಲಕೋಟೆಯ ಎರಡೂ ಬದಿಯ ಫೋಟೊ ಅದೇ ಕಡತದ ಜೊತೆ ಇರಲಿ. ಆಮೇಲೆ ತಟ್ಟೆಗಳನ್ನು ಅಟ್ಟಕ್ಕೆ ಮರಳಿಸಬೇಡಿ. ಹೆಂಚಿನ ಬಿಸಿಗೆ ವಿನೈಲ್ ಬಾಗುತ್ತದೆ. ಒಳಕೋಣೆಯ ಒಣ ಕಪಾಟಿನಲ್ಲಿ, ಹೊರಗೋಡೆಗೆ ತಾಗದಂತೆ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. 78ಗಳನ್ನು ಎಲ್‌ಪಿಗಳಿಂದ ಬೇರೆಯಾಗಿಯೇ ಇಡಿ.